ತಿಂದದ್ದು ಮೈಗೆ ಹತ್ತದೆ

ರೀ,

ಎದ್ದ ಕೂಡಲೇ ಅಡುಗೆಮನೆಗೆ ನುಗ್ಗಬೇಡಿ, ಮೊದಲು ಇದನ್ನು ಓದಿ. ಇವತ್ತು ರಕ್ತಪರೀಕ್ಷೆ, ಖಾಲಿ ಹೊಟ್ಟೆಯಲ್ಲೇ ಹೋಗಬೇಕು. ಟೀ ಕೂಡ ಬೇಡ. ತಿಂಡಿ ಡಬ್ಬಿ ಮೇಜಿನ ಮೇಲಿದೆ, ರಕ್ತ ಕೊಟ್ಟ ಮೇಲೆ ಅಲ್ಲೇ ಕೂತು ತಿನ್ನಿ.

"ನಂಗೇನಾಗಿದೆ? ಕಲ್ಲು ತಿಂದ್ರೂ ಕರಗುತ್ತೆ" ಅಂತ ಮತ್ತೆ ಶುರು ಮಾಡಬೇಡಿ. ಕರಗ್ತಿರೋದು ಕಲ್ಲಲ್ಲ, ನೀವು. ಇಬ್ಬರ ಊಟ ಒಬ್ಬರೇ ಮಾಡ್ತೀರಿ, ಆದರೂ ಕೆನ್ನೆ ಒಳಗೆ ಹೋಗಿದೆ. ನಿಮ್ಮಕ್ಕ ನಿನ್ನೆ ಫೋನಿನಲ್ಲಿ, "ಏನಮ್ಮಾ, ನನ್ನ ತಮ್ಮನ ಹೊಟ್ಟೆಗೆ ಹಾಕ್ತೀಯೋ ಇಲ್ವೋ?" ಅಂದರು. ಅವರು ನಗ್ತಾನೇ ಕೇಳಿದ್ದು, ನನಗೆ ಮಾತ್ರ ನಗು ಬರಲಿಲ್ಲ.

ಡಾಕ್ಟರ್ ಹೇಳಿದ್ದು ನೆನಪಿದೆ ತಾನೆ? ಥೈರಾಯ್ಡ್ ಅತಿಯಾಗಿ ಕೆಲಸ ಮಾಡಿದರೆ ತಿಂದದ್ದು ಮೈಗೆ ಹತ್ತುವ ಮೊದಲೇ ಉರಿದುಹೋಗುತ್ತಂತೆ. ಕೈ ನಡುಗೋದು, ಎದೆ ಡವಡವ ಅನ್ನೋದು, ಎರಡನ್ನೂ ಮುಚ್ಚಿಡದೆ ಅವರಿಗೆ ಹೇಳಿ. ಮಾತ್ರೆಗೆ ಬಗ್ಗುವ ಕಾಯಿಲೆ ಅಂದಿದ್ದಾರೆ. ಆದರೂ ಮನಸ್ಸು ಒಂದು ಕಡೆ ನಿಲ್ತಿಲ್ಲ, ಕೆಲಸಕ್ಕೆ ಹೊರಟು ಚಪ್ಪಲಿ ಹಾಕಿಕೊಂಡವಳು ಮತ್ತೆ ಒಳಗೆ ಬಂದು ಇದನ್ನು ಬರೀತಿದ್ದೀನಿ.

ನಿಮ್ಮ ಯೂನಿಫಾರ್ಮ್ ಪ್ಯಾಂಟಿನ ಸೊಂಟ ಚಿಕ್ಕದು ಮಾಡಿ ಕುರ್ಚಿ ಮೇಲೆ ಇಟ್ಟಿದ್ದೀನಿ. ಒಳಗೆ ಮಡಚಿದ ಬಟ್ಟೆ ಕತ್ತರಿಸಿಲ್ಲ. ನೀವು ಮೈ ತುಂಬಿಕೊಂಡ ಮೇಲೆ ಹೊಲಿಗೆ ಬಿಚ್ಚಿಕೊಡ್ತೀನಿ.