ಎರಡನೇ ಪೊಟ್ಟಣ

ಕೀಲ್ಪಾಕ್, ಶನಿವಾರ

ತೀರ್ಥರೂಪ ಅಪ್ಪನಿಗೆ ಹರಿಪ್ರಿಯಾಳ ನಮಸ್ಕಾರ.

ಬಲಗೈಗೆ ಪ್ಲಾಸ್ಟರ್ ಹಾಕಿದ್ದಾರೆ. ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದೆ.

ನಿಮ್ಮಳಿಯ ಹೊಡೆದು ಹೊರಗಟ್ಟಿದಾಗಲೆಲ್ಲ ನೀವು ಕೆಂಪು ಹೂವನ್ನೂ ಬಿಳಿ ಹೂವನ್ನೂ ಬೇರೆಬೇರೆ ಪೊಟ್ಟಣ ಕಟ್ಟಿ, ರಾಯರ ಪಟದ ಮುಂದಿಟ್ಟು, ಪಕ್ಕದ ಮನೆ ಮಗುವಿನ ಕೈಲಿ ಎತ್ತಿಸುತ್ತಿದ್ದಿರಿ. ಬಿಳಿ ಬಂದರೆ ನಾನು ಗಂಡನ ಮನೆಗೆ ವಾಪಸು ಹೋಗಬೇಕು, ಕೆಂಪು ಬಂದರೆ ನಿಮ್ಮಲ್ಲೇ ಉಳಿಯಬಹುದು. ಹಲ್ಲು ಮುರಿದಾಗ ಬಿಳಿ ಬಂತು. ಬೆನ್ನಿಗೆ ಇಸ್ತ್ರಿಪೆಟ್ಟಿಗೆ ಒತ್ತಿದಾಗಲೂ ಬಿಳಿಯೇ. "ರಾಯರೇ ಹೇಳಿದ ಮೇಲೆ ಮುಗೀತಮ್ಮ" ಎಂದಿರಿ.

ಹೋದ ವಾರ ಏಳನೇ ಕ್ಲಾಸಿಗೆ ಸಂಭವನೀಯತೆ ಪಾಠ ಮಾಡಿದೆ. ಲೆಕ್ಕದ ಪ್ರಕಾರ ನಾಣ್ಯ ಅರ್ಧ ಸಲ ಹೆಡ್ಸ್ ಬೀಳಬೇಕು. ಎಸೆದು ನೋಡಿದರೆ ತುಸು ಆಚೀಚೆ ಆಗುತ್ತದೆ. ಎಷ್ಟು ಎಸೆದರೂ ಹೆಡ್ಸೇ ಬಿದ್ದರೆ ಏನು ಮಾಡುತ್ತೀರಿ ಎಂದು ಕೇಳಿದೆ. "ಕಾಯಿನ್ನ ತಿರುಪ್ಪಿ ಪಾಪ್ಪೋಂ ಮಿಸ್" ಎಂದಳೊಬ್ಬಳು ತಮಿಳಿನಲ್ಲಿ. ನಾಣ್ಯವನ್ನೇ ತಿರುಗಿಸಿ ನೋಡುತ್ತೇವೆ ಎಂದು.

ನಿನ್ನೆ ಕೈ ಮುರಿದಾಗಲೂ ಬಿಳಿಯೇ ಬಂತು. ನನ್ನನ್ನು ವಾಪಸು ಕಳಿಸಲೆಂದು ನೀವು ಆಟೋ ಕರೆಯಲು ಹೋದಾಗ, ಮಗು ಎತ್ತದೆ ಬಿಟ್ಟ ಪೊಟ್ಟಣವನ್ನು ಒಂದೇ ಕೈಯಲ್ಲಿ ಬಿಚ್ಚಿದೆ. ಅದರಲ್ಲೂ ಬಿಳಿ ನಂದಿಬಟ್ಟಲೇ ಇತ್ತು.

ಅದೇ ಆಟೋದಲ್ಲಿ ಆಸ್ಪತ್ರೆಗೆ ಬಂದೆ. ಪೊಲೀಸರಿಗೂ ಹೇಳಿದ್ದೇನೆ.

ನನ್ನ ಸರ್ಟಿಫಿಕೇಟುಗಳನ್ನು ತಮ್ಮ ಸತ್ಯಾತ್ಮನ ಕೈಲಿ ಕಳಿಸಿಕೊಡಿ. ಕಳಿಸಬೇಕೋ ಬೇಡವೋ ಎಂದು ರಾಯರನ್ನು ಕೇಳಬೇಡಿ.

ಇಂತಿ ನಿಮ್ಮ ಮಗಳು,
ಹರಿಪ್ರಿಯಾ