ಹುಳುಮನೆಯ ಬಾಗಿಲಲ್ಲಿ

ಫೆಬ್ರವರಿ 6, ಬೆಳಿಗ್ಗೆ 7.20, ಮಾಲೂರು ರೈಲು

ಇವತ್ತೂ ಸೀಟಿಲ್ಲ. ನಿಂತೇ ಬರೆಯುತ್ತಿದ್ದೇನೆ. ಎಂಟರ್‌ಟೈನ್‌ಮೆಂಟ್ ಮ್ಯಾನೇಜ್‌ಮೆಂಟ್ ಎಂಬಿಎ, ಕೊನೇ ಸೆಮಿಸ್ಟರ್. ಕ್ಲಾಸಿನಲ್ಲಿ ಎಲ್ಲರಿಗೂ ಇಂಟರ್ನ್‌ಶಿಪ್ ಸಿಕ್ಕಿದೆ, ಅವರವರ ಅಂಕಲ್‌ಗಳ ಕೃಪೆ. ಕಾಲೇಜಿನಲ್ಲಿ ಇಂಟರ್ನ್‌ಶಿಪ್ ನೋಡಿಕೊಳ್ಳುವ ಅಮರನಾಥ್ ಸರ್ ನನ್ನನ್ನು ಕೇಳುತ್ತಾರೆ, "ನಿಮ್ಮ ಕಡೆ ಕಾಂಟ್ಯಾಕ್ಟ್ಸ್ ಯಾರೂ ಇಲ್ವೇನಮ್ಮ ಶ್ರೀವಾಣಿ?" ಇದ್ದಾರೆ ಸರ್. ಎರಡು ಹಸು, ಒಂದು ಮನೆ ತುಂಬ ರೇಷ್ಮೆ ಹುಳು. ಮನಸ್ಸಿನಲ್ಲೇ ಅಂದುಕೊಂಡೆ.

ಫೆಬ್ರವರಿ 11

ಸಿಕ್ಕಿತು. ವೆಬ್ ಸೀರೀಸ್. ಶೂಟಿಂಗಿಗೆ ಜಾಗ ಹೊಂದಿಸುವ ಲೊಕೇಶನ್ ಕೆಲಸ. ಶೂಟಿಂಗ್ ಏರ್ಪಾಡೆಲ್ಲ ನೋಡುವ ಲೈನ್ ಪ್ರೊಡ್ಯೂಸರ್ ಕದಿರೇಶ್‌ಗೆ ಹುಳು ಸಾಕುವ ಮನೆಯೊಂದು ಬೇಕಂತೆ. ಸುಗಟೂರಿನಲ್ಲಿ ನಮ್ಮದೇ ಇದೆ ಎಂದೆ. ಯಾರೂ ಒತ್ತಾಯ ಮಾಡಿರಲಿಲ್ಲ.

ಫೆಬ್ರವರಿ 14, ಸುಗಟೂರು

ಅಮ್ಮ ಹುಳುಮನೆಯೊಳಗೆ ನೆಂಟರನ್ನೂ ಬಿಡುವವಳಲ್ಲ. ತಲೆಗೆ ಹಚ್ಚಿದ ಎಣ್ಣೆ ಘಮ್ಮೆಂದರೂ ಹೊರಗೇ ನಿಲ್ಲಿಸುತ್ತಾಳೆ. ಈಗಂತೂ ಹುಳು ಕೊನೇ ಪೊರೆ ಬಿಟ್ಟು ಎದ್ದಿವೆ. ಹಗಲೂ ರಾತ್ರಿ ಸೊಪ್ಪು ಮೇಯುತ್ತವೆ. ಇನ್ನೊಂದು ವಾರಕ್ಕೆ ಗೂಡು. ಆದರೂ ನನಗಾಗಿ ಒಪ್ಪಿದಳು.

"ಸೆಂಟು, ಹೊಗೆ, ಸೊಳ್ಳೆ ಔಷ್ದಿ, ಯಾವ್ದೂ ಒಳಕ್ ಬರ್ಕೂಡ್ದು. ನೀನು ಬಾಗ್ಲಲ್ಲೇ ನಿಂತ್ಕೋತೀಯಾ?"

"ನಿಂತ್ಕೋತೀನಿ ಕಣಮ್ಮ."

ಮೂರನ್ನೂ ಬರೆದು ಕದಿರೇಶ್‌ಗೆ ವಾಟ್ಸಾಪ್ ಮಾಡಿದೆ. ಹೆಬ್ಬೆರಳು ಬಂತು.

ಫೆಬ್ರವರಿ 16, ಸಂಜೆ

ಮೈಯೆಲ್ಲ ಉರಿಯುತ್ತಿದೆ. ಇಪ್ಪತ್ತು ಜನ ಅಂದವರು ನಲವತ್ತು ಜನ ಬಂದರು. ಬ್ಲೀಚಿಂಗ್ ನೀರಲ್ಲಿ ಕಾಲದ್ದಿ ಒಳಗೆ ಹೋಗಿ ಎಂದರೆ ಶೂ ಎಷ್ಟರದ್ದು ಗೊತ್ತಾ ಎನ್ನುತ್ತಾರೆ. ಅಮ್ಮನ ನೈಟಿ 'ಅಥೆಂಟಿಕ್' ಇಲ್ಲವಂತೆ. ಅವಳ ಮನೆ, ಅವಳ ಹುಳು, ಅವಳೇ ಅಥೆಂಟಿಕ್ ಇಲ್ಲ. ಹರಕಲು ಸೀರೆ ಉಡಿಸಿ ಎರಡು ಶಾಟ್ ತೆಗೆದರು. ಉಟ್ಟಳು ಪಾಪ, ನಗುತ್ತಾ ಉಟ್ಟಳು. ಆಮೇಲೆ ಸೊಪ್ಪು ಕೊಯ್ಯಲು ತೋಟಕ್ಕೆ ಹೋದಳು.

ಮೂರು ಗಂಟೆಗೆ ಹೀರೋಗೆ ಸೊಳ್ಳೆ ಕಡಿಯಿತು. ಕದಿರೇಶ್ ಸ್ಪ್ರೇ ಹಿಡಿದು ಒಳಗೆ ಹೋಗಿ ಬುಸ್ ಬುಸ್ ಎಂದು ಹೊಡೆದ. ನಾನು ಹೇಳುವಷ್ಟರಲ್ಲಿ ಆಗಿಹೋಗಿತ್ತು.

ಫೆಬ್ರವರಿ 17, ಬೆಳಿಗ್ಗೆ 6

ಹುಳು ತಲೆ ಕೊಡವುತ್ತಿವೆ. ಹಸಿರು ನೀರು ಕಕ್ಕುತ್ತಿವೆ. ಸೊಪ್ಪು ಹಾಕಿದರೆ ಒಂದೂ ಮುಟ್ಟಲಿಲ್ಲ. ಅಮ್ಮ ಒಂದೊಂದೇ ಎತ್ತಿ ಅಂಗೈಲಿ ಇಟ್ಟು ನೋಡುತ್ತಾಳೆ.

"ನೀನು ಬಾಗ್ಲಲ್ಲಿ ಇರ್ಲಿಲ್ವೇನೇ ವಾಣಿ?"

"ಊಟ ಬಡಿಸೋ ಕಡೆ ಕರೆದ್ರು ಕಣಮ್ಮ…"

ಕದಿರೇಶ್‌ಗೆ ಫೋನ್ ಮಾಡಿದೆ. "ಮೊದ್ಲೇ ಏನೋ ರೋಗ ಇತ್ತೇನೋ ನೋಡಿ ಮೇಡಂ." ಎಂಥ ನಾಲಿಗೆ ಇವನದು!

ಫೆಬ್ರವರಿ 18

ತಿಪ್ಪೆ ಪಕ್ಕ ಗುಂಡಿ ತೋಡಿ ಎಲ್ಲಾ ಹೂತೆವು.

ಫೆಬ್ರವರಿ 27, ಸಂಜೆ 5

ಕದಿರೇಶ್ ಕಡೆಯಿಂದ ಫಾರಂ ಬಂದಿದೆ. ಲೊಕೇಶನ್ ಇಂಟರ್ನ್ ಸಹಿ ಹಾಕಿದರೆ ಸರ್ಟಿಫಿಕೇಟ್. ಕಲಂ ಏಳು: ಸ್ಥಳಕ್ಕೆ ಹಾನಿಯಾಗಿದೆಯೇ? 'ಇಲ್ಲ' ಎಂದು ಅವರೇ ಪೆನ್ಸಿಲಿನಲ್ಲಿ ಗುರುತು ಮಾಡಿ ಕಳಿಸಿದ್ದಾರೆ. ಎಷ್ಟು ಧೈರ್ಯ! ಅಮರನಾಥ್ ಸರ್ ಹೇಳುವುದೂ ಅದೇ, "ಟಿಕ್ ಮಾಡಮ್ಮ. ಇಂಡಸ್ಟ್ರೀಲಿ ರಿಲೇಶನ್‌ಶಿಪ್ ಮುಖ್ಯ."

ಅಮ್ಮನಿಗೆ ಓದಿ ಹೇಳಿದೆ.

"ಹಾಕ್ಬಿಡೇ. ಹುಳ ಮುಂದಿನ್ ಬೆಳೆಗ್ ಬರ್ತವೆ. ನಿನ್ ಎರಡು ವರ್ಷ ಎಲ್ಲಿಂದ ತರೋಣ?" ಎಂದಳು. ಆಮೇಲೆ ಸೊಪ್ಪಿನ ಬುಟ್ಟಿ ಕೊಡವುತ್ತಾ, "ನೀನು ಬಾಗ್ಲಲ್ಲಿದ್ದಿದ್ರೆ ಅವನನ್ನ ಬಿಡ್ತಿದ್ಯಾ? ನಂಗೊತ್ತಿಲ್ವಾ" ಎಂದಳು.

ಅವಳು ಹಾಲು ಕರೆಯಲು ಹೋದ ಮೇಲೆ ಪೆನ್ಸಿಲ್ ಗುರುತು ಅಳಿಸಿದೆ. 'ಹೌದು' ಎಂದು ಟಿಕ್ ಮಾಡಿದೆ. ವಿವರ ಬರೆಯಲು ನಾಲ್ಕು ಗೆರೆ ಜಾಗ ಇದೆ. ಮೊದಲು ಇಲ್ಲೇ ಬರೆದು ನೋಡುತ್ತೇನೆ.

ಫೆಬ್ರವರಿ 16, ಮಧ್ಯಾಹ್ನ 3.10. ಕದಿರೇಶ್ ಸ್ಪ್ರೇ ಹಿಡಿದು ಬಂದಾಗ ಇಂಟರ್ನ್ ಬಾಗಿಲಲ್ಲೇ ಇದ್ದಳು. "ಏನ್ ಮೇಡಂ, ಸರ್ಟಿಫಿಕೇಟ್ ಬೇಡ್ವಾ?" ಎಂದು ಅವನು ಕೇಳಿದ. ಅವಳು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.