ಎರಡನೇ ಸಲ ಕೇಳಲಿಲ್ಲ

೭ ಫೆಬ್ರವರಿ ೧೯೬೯, ಶುಕ್ರವಾರ. ಶಿಡ್ಲಘಟ್ಟ

ಬೆಳಗಾಗುತ್ತಲೇ ಫಾರಮ್ಮು. ರೇಷ್ಮೆ ಹುಳು ಪೊರೆ ಬಿಟ್ಟು ಮೂರನೇ ಜ್ವರದಿಂದ ಎದ್ದಿವೆ. ಇನ್ನು ಎಷ್ಟು ಸೊಪ್ಪು ಸುರಿದರೂ ಸಾಲದು. ಜಪಾನಿನಿಂದ ಬಂದಿರುವ ಮೊರಿಯಾಮ ಸಾಹೇಬರು ಒಂದೊಂದು ತಟ್ಟೆಗೂ ಬಗ್ಗಿ ನೋಡಿದರು. ಅವರ ಇಂಗ್ಲಿಷನ್ನು ರೈತರಿಗೆ ಕನ್ನಡ ಮಾಡಿ, ರೈತರ ತೆಲುಗನ್ನು ಅವರಿಗೆ ಇಂಗ್ಲಿಷ್ ಮಾಡಿ… ಸಂಜೆಗೆ ನನ್ನ ಗಂಟಲೇ ಕೂತುಹೋಯಿತು. ಡೆಮಾನ್‌ಸ್ಟ್ರೇಟರ್ ಅನ್ನುವುದು ಹೆಸರಿಗೆ. ಮಾಡುವುದು ದುಭಾಷಿ ಕೆಲಸ. ಇಷ್ಟದ ಕೆಲಸವೇ, ಸುಳ್ಳೇಕೆ ಬರೆಯಲಿ.

ಭಾನುವಾರ ಅಂಬಾಜಿದುರ್ಗಕ್ಕೆ ಪಿಕ್ನಿಕ್ ಅಂತೆ. ಸಾಹೇಬರ ಹೆಂಡತಿ ಫುಮಿಕೋ ಅಮ್ಮ ಅವರ ದೇಶದ ಅಡಿಗೆ ಮಾಡಿ ತರುತ್ತಾರೆ. ಮಿಷನ್ ಆಸ್ಪತ್ರೆಯ ಲ್ಯಾಬಿಗೆ ಡಿಸೆಂಬರಿನಲ್ಲಿ ಜಮೈಕಾದಿಂದ ಬಂದ ಲಿನ್ವಲ್ ಗಿಟಾರ್ ತರುತ್ತಾರೆ. ನನ್ನನ್ನೂ ಕರೆದರು. ‘ಅಯ್ಯೋ, ನಾನ್ಯಾಕಮ್ಮ’ ಅಂದೆ. ಫುಮಿಕೋ ಅಮ್ಮ ಕೈ ಹಿಡಿದು ಮತ್ತೆ ಕರೆದರು. ಮತ್ತೆ ಬೇಡ ಅಂದೆ. ಮತ್ತೆ ಕರೆದರು. ಆಗ ಒಪ್ಪಿದೆ. ಮೊದಲ ಸಲಕ್ಕೇ ಹ್ಞೂಂ ಅಂದರೆ ಕಾಯುತ್ತಿದ್ದಳು ಅಂದುಕೊಳ್ಳುವುದಿಲ್ಲವೇ?

೯ ಫೆಬ್ರವರಿ, ಭಾನುವಾರ. ದೀಪ ಹಚ್ಚಿದ ಮೇಲೆ

ಎಲ್ಲ ಬರೆಯಬೇಕು. ಮರೆಯುವ ಮುಂಚೆ.

ಫಾರಮ್ಮಿನ ಜೀಪು, ಡ್ರೈವರ್ ಆವಲಪ್ಪ. ಬೆಟ್ಟದ ಅರ್ಧದಲ್ಲಿ ಒಂದು ಬಂಡೆಯ ನೆರಳು. ಕೆಳಗೆ ಚಿಂತಾಮಣಿ ಕಡೆಯ ಹೊಲಗಳು. ಫುಮಿಕೋ ಅಮ್ಮ ಕರಿ ಮೆರುಗಿನ ಮರದ ಡಬ್ಬಿ ಬಿಚ್ಚಿದರು. ಅನ್ನವನ್ನು ಮೂರು ಮೂಲೆಯ ಉಂಡೆ ಕಟ್ಟಿ, ಮೇಲೆ ಕಪ್ಪು ಕಾಗದದಂಥದ್ದು ಸುತ್ತಿದ್ದಾರೆ. ಸಮುದ್ರದ ಪಾಚಿಯಂತೆ. ಆವಲಪ್ಪ ನನ್ನ ಕಿವಿಯಲ್ಲಿ, ‘ಕಾರ್ಬನ್ ಪೇಪರ್ ಅಲ್ಲ ತಾನೇ ಅಮ್ಮಯ್ಯ?’ ಅಂದ.

ಮೊದಲು ‘ಹೊಟ್ಟೆ ತುಂಬಿದೆ’ ಅಂದೆ. ಬೆಳಗಿನಿಂದ ಒಂದು ಲೋಟ ಕಾಫಿ ಬಿಟ್ಟರೆ ಏನೂ ಇಲ್ಲ! ಫುಮಿಕೋ ಅಮ್ಮ ಬಿಡಲಿಲ್ಲ. ಅವರಿಗೆ ಬರುವ ಕನ್ನಡ ಒಂದೇ — ‘ಸ್ವಲ್ಪ, ಸ್ವಲ್ಪ’. ಅನ್ನುತ್ತಾ ಅನ್ನುತ್ತಾ ನನ್ನ ಕೈಗೇ ಇಟ್ಟರು. ಒಗ್ಗರಣೆ ಇಲ್ಲ, ಖಾರ ಇಲ್ಲ. ನಡುವೆ ಉಪ್ಪಲ್ಲಿ ಹಾಕಿದ ಒಂದು ಹುಳಿ ಹಣ್ಣು — ಕಣ್ಣಲ್ಲಿ ನೀರು ಬಂತು. ಎರಡನೆಯದು ತಿನ್ನುವಾಗ ಹಿಡಿಸಿತು. ಸಕ್ಕರೆ ಹಾಕಿದ ಮೊಟ್ಟೆ ಮಾತ್ರ ಆಗಲಿಲ್ಲ. ನಾನು ಒಯ್ದಿದ್ದ ಹುರಿದ ಅವರೆಕಾಳನ್ನು ಅವರು ಎರಡು ಕಡ್ಡಿಯಲ್ಲಿ ಒಂದೊಂದೇ ಎತ್ತಿ ತಿಂದರು. ನೋಡುತ್ತಾ ನಮ್ಮ ನಗು ನಿಲ್ಲಲಿಲ್ಲ. ಬಲವಂತ ಮಾಡಿ ಬಡಿಸುವ ಜನ. ನಮ್ಮವರೇ ಅಂದುಕೊಂಡೆ.

ಆಮೇಲೆ ಲಿನ್ವಲ್ ಹಾಡಿದರು. ಅವರ ಊರಲ್ಲಿ ಈಗ ಇದೇ ಹೊಸದಂತೆ, ಹೆಸರು ರೆಗೆ. ಆವಲಪ್ಪ ಭಜನೆಯಲ್ಲಿ ತಾಳ ಹಾಕುವವನು, ಸುಮ್ಮನಿರುತ್ತಾನೆಯೇ? ನೀರಿನ ಡಬ್ಬ ಬೋರಲು ಹಾಕಿ ಬಾರಿಸಲು ಹೋದ. ಲಿನ್ವಲ್ ತಲೆ ಆಡಿಸಿ, ತಡಿ, ಈಗಲ್ಲ, ಈಗ… ಅಂತ ಕೈಯಲ್ಲೇ ತೋರಿಸಿದರು. ‘ಇದೇನಮ್ಮ, ಏಟು ಬೀಳೋ ಕಡೆ ಬೀಳಲ್ಲ, ಒಂಚೂರು ಬಿಟ್ಟು ಬೀಳ್ತದೆ ಇವ್ರ ಹಾಡು’ ಅಂದ ಆವಲಪ್ಪ. ತಾಳ ಸಿಕ್ಕಿದ ಮೇಲೆ ಡಬ್ಬ ಬಿಡಲೇ ಇಲ್ಲ. ‘ಬಲೇ ಉಂದಿ, ಬಲೇ ಉಂದಿ’ ಅಂತ ತೆಲುಗಿನಲ್ಲಿ ಮೆಚ್ಚುತ್ತಾ ಕಣ್ಣು ಮುಚ್ಚಿ ಬಾರಿಸಿದ. ಫುಮಿಕೋ ಅಮ್ಮ ಭುಜ ಕುಣಿಸಿದರು. ನನ್ನ ಕಾಲೂ ಸುಮ್ಮನಿರಲಿಲ್ಲ. ಸೀರೆಯೊಳಗೆ, ಯಾರಿಗೂ ಕಾಣದ ಹಾಗೆ.

ಆ ಗದ್ದಲದಲ್ಲೇ ಸಾಹೇಬರು ನನ್ನ ಹತ್ತಿರ ಬಂದು ಕೂತರು. ಜಪಾನಿನಲ್ಲಿ ಒಂದು ವರ್ಷದ ಟ್ರೈನಿಂಗ್. ಇಲ್ಲಿಂದ ಒಬ್ಬರ ಹೆಸರು ಕಳಿಸಬೇಕು. ‘ನಿಮ್ಮ ಹೆಸರು ಬರೆಯಲೇ?’

ಹ್ಞೂಂ ಅನ್ನುವುದು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ. ‘ಕಷ್ಟ ಸಾರ್. ನನಗಿಂತ ದೊಡ್ಡವರಿದ್ದಾರೆ. ಮನೇಲೂ ಕೇಳಬೇಕು’ ಅಂದೆ, ಇಂಗ್ಲಿಷಿನಲ್ಲೇ. ಅವರು ತಲೆ ಬಾಗಿಸಿ, ‘ಐ ಆಮ್ ಸಾರಿ’ ಅಂದರು. ಯಾತಕ್ಕೆ ಸಾರಿ? ಎದ್ದುಹೋಗಿ ಹೆಂಡತಿಯ ಪಕ್ಕ ಕೂತರು. ಇನ್ನೊಮ್ಮೆ ಕೇಳಿದಾಗ ಹೇಗೆ ಒಪ್ಪಬೇಕು ಅಂತ ಮಾತು ಜೋಡಿಸುತ್ತಾ ಕೂತೆ. ಹಾಡು ಕಿವಿಗೆ ಬೀಳಲಿಲ್ಲ.

ವಾಪಸು ಬರುವಾಗ ಲಿನ್ವಲ್‌ಗೆ ಹೇಳಿದೆ.

‘ಹೋಗಲು ಇಷ್ಟವಿದೆಯಾ?’

‘ತುಂಬಾ.’

‘ಮತ್ತೆ ಇಲ್ಲ ಅಂದದ್ದೇಕೆ?’

‘ಇಲ್ಲ ಅಂದಿಲ್ಲವಲ್ಲ.’

ನಕ್ಕರು. ಆಮೇಲೆ ನಗು ನಿಲ್ಲಿಸಿ, ನಾಳೆ ಬೆಳಿಗ್ಗೆಯೇ ಹೋಗಿ ಹೇಳಿಬಿಡು ಅಂದರು. ಅವರಿಗೇನು ಗೊತ್ತು ನಮ್ಮ ಕಡೆಯ ರೀತಿ. ಸಾಹೇಬರು ಮತ್ತೆ ಕೇಳಿಯೇ ಕೇಳುತ್ತಾರೆ. ಅಷ್ಟು ಬಲವಂತ ಮಾಡಿ ಊಟ ಹಾಕಿದ ಜನ.

೧೦ ಫೆಬ್ರವರಿ

ಕೇಳಲಿಲ್ಲ. ದಿನವೆಲ್ಲ ಹುಳುವಿನ ಮಾತೇ.

೧೩ ಫೆಬ್ರವರಿ, ಗುರುವಾರ

ಹುಳು ನಾಲ್ಕನೇ ಜ್ವರಕ್ಕೆ ಕೂತಿವೆ. ಸೊಪ್ಪಿನ ಕೆಲಸ ಇಲ್ಲ, ಕೈ ಖಾಲಿ. ಬೇಕೆಂದೇ ಸಾಹೇಬರ ಕೋಣೆಯ ಮುಂದೆ ಓಡಾಡಿದೆ. ‘ಗುಡ್ ಮಾರ್ನಿಂಗ್’ ಅಂದರು. ಅಷ್ಟೇ.

ಧೈರ್ಯ ಮಾಡಿ ಅಪ್ಪನಿಗೆ ಹೇಳಿದೆ. ಕೂಗಾಡುತ್ತಾರೆ ಅಂದುಕೊಂಡಿದ್ದೆ. ಬೀಡಿ ಹಚ್ಚಿ, ‘ಒಂದು ವರ್ಷ ತಾನೇನಮ್ಮ? ಅವ್ರು ಮತ್ತೆ ಕೇಳಿದ್ರೆ ನೋಡಣ. ನಾವಾಗಿ ಮೇಲೆ ಬಿದ್ದು ಹೋಗೋದು ಬ್ಯಾಡ’ ಅಂದರು. ಅಪ್ಪ ಒಪ್ಪಿದ ಹಾಗೆಯೇ! ಖುಷಿಗೆ ಅಳು ಬಂತು. ಇನ್ನು ಅವರು ಕೇಳುವುದೊಂದೇ ಬಾಕಿ.

೨೧ ಫೆಬ್ರವರಿ, ಶುಕ್ರವಾರ

ಹುಳು ಹಣ್ಣಾಗಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಟ್ಟಾಯಿತು. ಕೈ ತೊಳೆಯುತ್ತಿದ್ದಾಗ ಆಫೀಸಿನ ನಲ್ಲಪ್ಪ ಸ್ವೀಟು ತಂದ. ಜಪಾನಿಗೆ ಅವನ ಹೆಸರು ಹೋಗಿದೆ. ‘ಸಾಹೇಬ್ರು ಕೇಳಿದ್ರು. ಎಸ್ ಸಾರ್ ಅಂದ್ಬಿಟ್ಟೆ ಕಣಮ್ಮ. ಇದ್ರಲ್ಲಿ ನಾಚ್ಕೆ ಏನು?’

ಪೇಡ ಬಾಯಲ್ಲೇ ಉಳಿಯಿತು.

ನೇರ ಫುಮಿಕೋ ಅಮ್ಮನ ಮನೆಗೆ ಹೋದೆ. ಅತ್ತುಬಿಟ್ಟೆ. ಸಾಹೇಬರೂ ಇದ್ದರು. ಮತ್ತೆ ಕೇಳುತ್ತೀರಿ ಅಂತ ಕಾದಿದ್ದೆ ಅಂದಾಗ ಅವರ ಮುಖ ಬಿಳಿಚಿತು. ಅವರ ಕಡೆ ಯಾರಾದರೂ ‘ಕಷ್ಟ’ ಅಂದರೆ ಮುಗಿಯಿತಂತೆ. ಮತ್ತೆ ಕೇಳುವುದು ಎದುರಿನವರಿಗೆ ಮಾಡುವ ಅವಮಾನವಂತೆ. ಅದಕ್ಕೇ ಅವತ್ತು ಸಾರಿ ಅಂದರಂತೆ.

‘ಮತ್ತೆ ಊಟಕ್ಕೆ ಅಷ್ಟು ಬಲವಂತ ಮಾಡಿದಿರಲ್ಲ?’ ಅಂದೆ. ಹುಚ್ಚಿಯ ಹಾಗೆ.

ಫುಮಿಕೋ ಅಮ್ಮ ನನ್ನ ಕೈ ಹಿಡಿದುಕೊಂಡು, ಇಂಗ್ಲಿಷಿನಲ್ಲಿ, ‘ಊಟ ಬೇರೆ’ ಅಂದರು.

ಮುಂದಿನ ವರ್ಷ ಇನ್ನೊಂದು ಸೀಟು ಇದೆಯಂತೆ. ತಮ್ಮ ಜಾಗಕ್ಕೆ ಬರುವವರಿಗೆ ನನ್ನ ಹೆಸರು ಹೇಳಿ ಹೋಗುತ್ತಾರಂತೆ. ಈ ಸಲ ಸಾಹೇಬರು ಬಾಯಿ ಮುಚ್ಚುವ ಮುಂಚೆ ಹ್ಞೂಂ ಅಂದೆ. ಒಂದು ವರ್ಷ ಕಾದರಾಯಿತು. ಅಷ್ಟೇ ತಾನೇ.

ಆದರೂ… ನಾಲಿಗೆ ತುದಿಗೆ ಬಂದಿತ್ತು. ಯಾಕೆ ನುಂಗಿದೆ?

೨೩ ಮಾರ್ಚ್, ಭಾನುವಾರ

ಯುಗಾದಿ ಕಳೆಯಿತು. ಮೊರಿಯಾಮ ದಂಪತಿ ಹೋಗಿ ವಾರವಾಯಿತು. ಲಿನ್ವಲ್‌ಗೆ ವೆಲ್ಲೂರಿಗೆ ವರ್ಗ. ಬಸ್ ಸ್ಟ್ಯಾಂಡಿನಲ್ಲಿ ಆವಲಪ್ಪ ಅವರ ಪೆಟ್ಟಿಗೆಯ ಮೇಲೆಯೇ ಆ ತಾಳ ಬಾರಿಸಿ ಬೀಳ್ಕೊಟ್ಟ. ನಾನು ದೂರ ನಿಂತಿದ್ದೆ. ಕಾಲು ಆಡಲಿಲ್ಲ.

೫ ಏಪ್ರಿಲ್, ಶನಿವಾರ

ನಾಳೆ ಗೌರಿಬಿದನೂರಿನವರು ನನ್ನನ್ನು ನೋಡಲು ಬರುತ್ತಾರೆ. ಇವತ್ತು ಹೇಳುತ್ತಿದ್ದಾರೆ ನನಗೆ! ಅಮ್ಮನಿಗೆ ಮುಂದಿನ ವರ್ಷದ ಸೀಟು ನೆನಪಿಸಿದೆ. ‘ನೋಡೋಕೆ ಬರೋರ್ನ ಬ್ಯಾಡ ಅನ್ನಕಾಗ್ತದೇನೇ? ನಿನ್ನ ಕೇಳ್ದೆ ಮಾಡಿಬಿಡ್ತೀವಾ?’ ಅಂದಳು.

ಸರಿ. ಕೇಳಲಿ. ಈ ಸಲ ಸುತ್ತುಬಳಸು ಇಲ್ಲ, ಕಷ್ಟ ಗಿಷ್ಟ ಇಲ್ಲ. ಕೇಳಿದ ಕೂಡಲೇ, ಮೊದಲ ಸಲಕ್ಕೇ — ‘ಈಗ ಬೇಡ. ಜಪಾನಿಗೆ ಹೋಗಿ ಬಂದ ಮೇಲೆ.’ ಕನ್ನಡಿ ಮುಂದೆ ನಿಂತು ಹೇಳಿ ನೋಡಿದೆ. ದನಿ ನಡುಗಲಿಲ್ಲ.

೬ ಏಪ್ರಿಲ್, ಭಾನುವಾರ. ಮಧ್ಯಾಹ್ನ

ಇನ್ನೂ ಪಡಸಾಲೆಯಲ್ಲೇ ಇದ್ದಾರೆ. ಸೀರೆ ಬದಲಿಸುತ್ತೇನೆ ಅಂತ ಒಳಗೆ ಬಂದೆ.

ಹುಡುಗ ಕೋ-ಆಪರೇಟಿವ್ ಬ್ಯಾಂಕಿನಲ್ಲಿದ್ದಾನೆ. ಒಳ್ಳೆಯವನ ಹಾಗೆ ಕಂಡ. ಅಪ್ಪ ಅವನನ್ನು ಕೇಳಿದರು, ‘ಒಪ್ಗೆನೇನಪ್ಪ?’ ಹ್ಞೂಂ ಅಂದ. ಹುಡುಗನ ಸೋದರತ್ತೆ ಓಬಳಮ್ಮನನ್ನು ಕೇಳಿದರು. ಆವಲಪ್ಪನನ್ನು ಕೂಡ ಕೇಳಿದರು, ಕುರ್ಚಿ ತಂದು ಹಾಕಲು ಬಂದವನನ್ನು. ನಾನು ತಲೆ ಬಗ್ಗಿಸಿ ಮಾತನ್ನು ನಾಲಿಗೆ ತುದಿಯಲ್ಲೇ ಇಟ್ಟುಕೊಂಡು ಕಾಯುತ್ತಿದ್ದೆ. ಓಬಳಮ್ಮ ಎದ್ದು ಬಂದು ನನಗೆ ಹೂವು ಮುಡಿಸಿದರು. ‘ಹುಡ್ಗಿ ತಲೆ ಬಗ್ಗಿಸ್ದಾಗ್ಲೇ ಗೊತ್ತಾಯ್ತು ಬಿಡಿ’ ಅಂದರು. ಅಮ್ಮ ಆಗಲೇ ತಟ್ಟೆಗೆ ವೀಳ್ಯದೆಲೆ ಜೋಡಿಸುತ್ತಿದ್ದಳು.

ಹೊರಗೆ ಅಪ್ಪನ ದನಿ ಕೇಳಿಸುತ್ತಿದೆ. ಕೇಸರಿಬಾತ್ ಇನ್ನೊಂಚೂರು ಹಾಕಿಸ್ಕಳಿ ಅಂತ ಓಬಳಮ್ಮನವರನ್ನು ಕೇಳುತ್ತಿದ್ದಾರೆ. ಅವರು ಬೇಡ ಅಂದರು. ಮತ್ತೆ ಕೇಳಿದರು. ಬೇಡವೇ ಬೇಡ ಅಂದರು. ಮತ್ತೆ ಕೇಳಿದರು. ನನ್ನನ್ನು —